ಒಂಬತ್ತು ಅಕ್ಕತಂಗಿಯರಲ್ಲಿ ಹಿಲ್ಡಾ

ಮೇ ೨೮, ಮಂಗಳವಾರ

ಮೂಗು ಇವತ್ತೂ ಬರಲಿಲ್ಲ.

ಫೆಬ್ರವರಿಯ ಜ್ವರ ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯುರೀಕಾದ ಡಾಕ್ಟರು "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಇಷ್ಟು ಹೇಳುವುದಕ್ಕೆ ಅಷ್ಟೆಲ್ಲ ಓದಬೇಕಿತ್ತೇ? ಕಾಫಿ ಬಿಸಿನೀರಾಗಿದೆ, ಈರುಳ್ಳಿ ಸೇಬಾಗಿದೆ. ಅದೆಲ್ಲ ಸಹಿಸಿಕೊಂಡೇನು. ಆದರೆ ಈ ಗುಡ್ಡದ ಮೇಲೆ ಐವತ್ತು ವರ್ಷದಿಂದ ನಾನು ಬದುಕಿರುವುದೇ ಮೂಗಿನಿಂದ. ಯಾರ ತೋಟದ ಗಾಂಜಾ ಆದರೂ ಸರಿ, ಒಂದು ಹೂ ಹಿಸುಕಿ ಮೂಸಿದರೆ ಅದರ ತಾಯಿ ಯಾರು, ತಂದೆ ಯಾರು, ಸೇದಿದವನು ನಗುತ್ತಾನೋ ನಿದ್ದೆ ಹೋಗುತ್ತಾನೋ ಎಲ್ಲ ಹೇಳುತ್ತಿದ್ದೆ. ಜಗಳ ಬಂದರೆ "ಮಾರ್ಲಿಸ್ ಮೂಸಲಿ, ಅವಳು ಹೇಳಿದ ಮೇಲೆ ಮುಗೀತು" ಎನ್ನುತ್ತಿದ್ದರು. ಈಗಲೂ ಎನ್ನುತ್ತಾರೆ. ಮೂಗು ಹೋದದ್ದು ನಾನು ಯಾರಿಗೂ ಹೇಳಿಲ್ಲ. ಡಾಟಿಗಂತೂ ಇಲ್ಲವೇ ಇಲ್ಲ. ಡಾಟಿ ನನ್ನ ಪ್ರಾಣ ಸ್ನೇಹಿತೆ, ನಿಜ. ಆದರೆ ಅವಳಿಗೆ ಹೇಳುವುದೂ ಊರಿನ ರೇಡಿಯೋದಲ್ಲಿ ಓದಿಸುವುದೂ ಒಂದೇ.

ಇಪ್ಪತ್ತು ಸಸಿಗಳನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿದೆ. ಕೊನೆಯ ಇಪ್ಪತ್ತು. ಎಲ್ಲವೂ ಹಿಲ್ಡಾ ಎಂಬ ನನ್ನ ಹಳೇ ಗಾಂಜಾ ತಳಿಯ ಮರಿಮಕ್ಕಳು. ಮೂರು ಚಳಿಗಾಲ ಮೊಮ್ಮಗಳಿಗೆ ಮೊಮ್ಮಗನನ್ನು ಕೂಡಿಸಿ, ಮರಿಮಗಳಿಗೆ ಅವಳ ಚಿಕ್ಕಪ್ಪನನ್ನು ಕೂಡಿಸಿ (ಗಿಡಗಳಲ್ಲಿ ಇದಕ್ಕೆ ಯಾರೂ ಬೈಯುವುದಿಲ್ಲ), ಹಳೇ ಹಿಲ್ಡಾಳನ್ನು ವಾಪಸು ತರಲು ಹೆಣಗಿದ್ದೇನೆ. ಗಾಂಜಾ ಬೆಳೆಯುವ ಪರವಾನಗಿ ಈ ವರ್ಷಕ್ಕೆ ಮುಗಿಯುತ್ತದೆ. ಎಪ್ಪತ್ತೆರಡರ ಮಂಡಿ ಇನ್ನೊಂದು ಬೇಸಿಗೆ ತಡೆಯುವುದಿಲ್ಲ. ಅಕ್ಟೋಬರ್ ಐದಕ್ಕೆ ನರ್ಸರಿಯ ಇನೆಸ್ ಯುರಿಬೆ ಬಂದು ಒಂದೇ ಒಂದು ಗಿಡ ಒಯ್ದು ಕಾಪಾಡುತ್ತಾಳಂತೆ. ಉಳಿದದ್ದೆಲ್ಲ ಗೊಬ್ಬರ. ಈ ಇಪ್ಪತ್ತರಲ್ಲಿ ಹಿಲ್ಡಾಳ ವಾಸನೆ ಯಾವುದಕ್ಕೆ ಬಂದಿದೆಯೋ ಅದನ್ನು ನಾನು ಹುಡುಕಿ ಕೊಡಬೇಕು. ತಪ್ಪಿದರೆ ಹಿಲ್ಡಾ ಇಲ್ಲ, ಎಂದೆಂದಿಗೂ ಇಲ್ಲ.

ಮೂಗಿಲ್ಲದೆ ಹುಡುಕಬೇಕು. ಒಳ್ಳೇ ಕಥೆಯಾಯಿತು.

ಜೂನ್ ೩, ಸೋಮವಾರ

ಇವತ್ತು ಡೆಪ್ಯುಟಿ ಬಂದಿದ್ದ.

ಡೆಪ್ಯುಟಿ ಎಂದರೆ ಆ ಹಳೇ ಪೊಲೀಸಿನವನೇ. ಗಾಂಜಾ ಬೆಳೆಯುವುದು ಅಪರಾಧವಾಗಿದ್ದ ಎಂಬತ್ತಾರರ ಆಗಸ್ಟಿನಲ್ಲಿ ಹೆಲಿಕಾಪ್ಟರಿನವರ ಜೊತೆ ಬಂದು ನನ್ನ ಗೇಟಿನ ಸರಪಳಿ ಕತ್ತರಿಸಿ, ನಲವತ್ತೆರಡು ಹಿಲ್ಡಾಗಳನ್ನು ಬುಡಕ್ಕೆ ಕಡಿದು ಲಾರಿಗೆ ತುಂಬಿದವನು. ಪಿಂಚಣಿ ಬಂದಮೇಲೆ, ಹೆಂಡತಿ ತೀರಿಕೊಂಡಮೇಲೆ, ಈ ದೊಡ್ಡ ಪ್ರಪಂಚದಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ನಮ್ಮದೇ ರಸ್ತೆಯ ಕೆಳತುದಿಗೆ ಬಂದು ಮನೆ ಮಾಡಿದ್ದಾನೆ. ಆರು ವರ್ಷವಾಯಿತು. ಒಂದು ಮಾತು ಆಡಿಲ್ಲ ನಾನು. ಈಗ ಊರಿನ ಅಗ್ನಿಶಾಮಕ ಪಡೆಯಲ್ಲಿ ಸ್ವಯಂಸೇವಕ. ಮನೆಮನೆಯ ನೀರಿನ ಟ್ಯಾಂಕು ನೋಡುವ ಕೆಲಸ.

ಗೇಟಿನಲ್ಲಿ ಹಾರ್ನ್ ಮಾಡಿ ನಿಂತ. ಈ ಗುಡ್ಡದಲ್ಲಿ ಹಾಗೆಯೇ. ಇನ್ನೊಬ್ಬರ ಗೇಟನ್ನು ಕರೆಯದೆ ಯಾರೂ ದಾಟುವುದಿಲ್ಲ, ಹಾರ್ನ್ ಮಾಡಿ ಕಾಯಬೇಕು. ಈಗ ಕಲಿತಿದ್ದಾನೆ, ಸಂತೋಷ. ನಾನು ಎರಡು ಲೋಟ ಇಪ್ಪತ್ತು ನಿಮಿಷ ತೊಳೆದು ಆಮೇಲೆ ಗೇಟು ತೆಗೆದೆ.

ಟ್ಯಾಂಕು ನೋಡಿ ಅಡುಗೆಮನೆ ಬಾಗಿಲಿಗೆ ಬಂದವನು ಹೊಸ್ತಿಲಲ್ಲೇ ನಿಂತ. ನನ್ನ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು.

"ಮೇಡಮ್, ಕಡ್ಡಿ ಗೀರಬೇಡಿ."

"ಯಾಕೆ, ಅದಕ್ಕೂ ವಾರಂಟ್ ಇದೆಯಾ?"

"ಮನೆ ತುಂಬ ಗ್ಯಾಸು. ಮೆಲ್ಲಗೆ ಹೊರಗೆ ಬನ್ನಿ."

ಬಂದೆ. ಅವನು ಸಿಲಿಂಡರ್ ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು, ವಾಷರ್ ಬದಲಾಯಿಸಿದ. ಆಮೇಲೆ ನನ್ನನ್ನೇ ನೋಡಿದ.

"ಇಷ್ಟು ನಾರ್ತಿದೆ. ನಿಮಗೆ ಗೊತ್ತಾಗ್ಲಿಲ್ವಾ?"

"ನೆಗಡಿ."

"ಜೂನ್ ತಿಂಗಳಲ್ಲಾ?"

"ಜೂನಲ್ಲಿ ನೆಗಡಿ ಆಗಬಾರ್ದು ಅಂತ ಕಾನೂನಿದೆಯಾ?"

ಅವನು ಟೋಪಿ ಮುಟ್ಟಿ ಹೋದ. ಅವನಿಗೆ ಗೊತ್ತಾಗಿದೆ. ಇಡೀ ಹಂಬೋಲ್ಟ್ ಕೌಂಟಿಯಲ್ಲಿ ಇದು ಗೊತ್ತಾಗಬಾರದಿದ್ದ ಮನುಷ್ಯ ಒಬ್ಬನಿದ್ದರೆ ಅವನೇ.

ಜೂನ್ ೪, ಮಂಗಳವಾರ

ಡೆಪ್ಯುಟಿ ಮತ್ತೆ ಬಂದು ಅಡುಗೆಮನೆ ಗೋಡೆಗೆ ಏನೋ ಬಡಿದು ಹೋದ. ಗ್ಯಾಸು ಸೋರಿದರೆ ಕಿರುಚುವ ಯಂತ್ರವಂತೆ. ನಾನು ಧನ್ಯವಾದ ಹೇಳಲಿಲ್ಲ. ಹೇಳಬೇಕಿತ್ತೇನೋ.

ಜುಲೈ ೭, ಭಾನುವಾರ

ಗಂಡುಗಳು ಗೊತ್ತಾದವು. ಹನ್ನೊಂದು. ಪರಾಗ ಉದುರಿಸಿ ಮನೆತನ ಕೆಡಿಸುವ ಮುಂಚೆ ಎಲ್ಲವನ್ನೂ ಕಿತ್ತೆಸೆದೆ. ಉಳಿದವರು ಒಂಬತ್ತು ಜನ ಅಕ್ಕತಂಗಿಯರು. ಒಬ್ಬೊಬ್ಬರಿಂದ ಒಂದೊಂದು ಕಡ್ಡಿ ಕತ್ತರಿಸಿ ಬೇರು ಬಿಡಿಸಲು ಇಟ್ಟು ಒಂದರಿಂದ ಒಂಬತ್ತು ನಂಬರು ಬರೆದೆ. ಇನೆಸ್ ಒಯ್ಯುವುದು ಆ ಕಡ್ಡಿಗಳಲ್ಲಿ ಒಂದನ್ನು. ದೊಡ್ಡ ಗಿಡಗಳು ಹೂಬಿಟ್ಟು ತಮ್ಮ ಗುಣ ತೋರಿಸಬೇಕು, ಅಷ್ಟೇ.

ಹಿಲ್ಡಾಳ ತಾಯಿ ಅಫ್ಘಾನಿನ ಕುಳ್ಳಿ, ಅಂಗೈ ಅಗಲದ ಎಲೆ. ತಂದೆ ಮೆಕ್ಸಿಕೋದ ವಹಾಕಾ ಬೆಟ್ಟದ ಸಣಕಲ, ಎಪ್ಪತ್ತನಾಲ್ಕರಲ್ಲಿ, ಮುಂದೆ ನನ್ನ ಗಂಡನಾದ ಗಸ್‌ನ ಗಿಟಾರು ಪೆಟ್ಟಿಗೆಯಲ್ಲಿ ಬೀಜವಾಗಿ ಬಂದವನು. ಹುಟ್ಟಿದವಳಿಗೆ ನಾನು ನನ್ನ ಸೋದರತ್ತೆಯ ಹೆಸರಿಟ್ಟೆ. ಅತ್ತೆಯೂ ಹಾಗೆಯೇ: ಗಿಡ್ಡ, ಅಗಲ, ಬಾಗಿಲಲ್ಲೇ ಬೈದು ಒಳಗೆ ಕರೆದು ಊಟ ಹಾಕುವವಳು. ಈ ಹಿಲ್ಡಾ ಸೇದಿದವರಿಗೆ ಮೊದಲು ನಗು, ಆಮೇಲೆ ಹಸಿವು, ಕೊನೆಗೆ ಎದುರಿಗಿರುವವರ ಮೇಲಿನ ಸಿಟ್ಟೆಲ್ಲ ಮರೆವು. ಈ ಗುಡ್ಡದಲ್ಲಿ ಎರಡು ವಿಚ್ಛೇದನಗಳು ಅವಳಿಂದ ನಿಂತವು. ಒಂದು ಮದುವೆ ಅವಳಿಂದ ಆಯಿತು. ಅದು ನಿಲ್ಲಲಿಲ್ಲ. ಅದು ನನ್ನದು.

ಹಿಲ್ಡಾಳ ವಾಸನೆ ಗೊತ್ತಿದ್ದವರು ಯಾರು ಉಳಿದಿದ್ದಾರೆ ಎಂದು ಲೆಕ್ಕ ಹಾಕುತ್ತ ಕೂತೆ. ಗಸ್ ಸತ್ತ. ಪಕ್ಕದ ತೋಟದವರು ಸತ್ತರು. ಡಾಟಿ ಬಂದದ್ದೇ ತೊಂಬತ್ತೊಂದರಲ್ಲಿ.

ಒಬ್ಬ ಇದ್ದಾನೆ. ನಲವತ್ತೆರಡನ್ನೂ ತಬ್ಬಿಕೊಂಡು ಲಾರಿಗೆ ಹೊತ್ತವನು. ಥೂ.

ಜುಲೈ ೧೦, ಬುಧವಾರ

ಕೇಳಿದೆ. ಡೆಪ್ಯುಟಿ ಟ್ಯಾಂಕು ನೋಡಲು ಬಂದಿದ್ದ, ಕೇಳುವಾಗ ನಾನು ಟೊಮೇಟೊ ಬಳ್ಳಿ ಕಟ್ಟುತ್ತಿದ್ದೆ. ಮುಖ ನೋಡಿ ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

"ಹಿಲ್ಡಾ ವಾಸನೆ ನೆನಪಿದೆಯಾ?"

"ಯಾರು ಹಿಲ್ಡಾ?"

"ನೀವು ಎಂಬತ್ತಾರಲ್ಲಿ ಕಡಿದದ್ದು."

ಅವನು ಟೋಪಿ ತೆಗೆದ. "ಅದಕ್ಕೆ ಹೆಸರಿತ್ತಾ?"

"ಇರಲ್ವಾ ಮತ್ತೆ? ನಿಮಗಿಲ್ವಾ?"

"ನನ್ನ ಹೆಸರು ಎಲ್ವಿನ್ ಟೊನಿನಿ," ಎಂದ, ನಾನು ಅದನ್ನೇ ಕೇಳಿದೆನೆಂಬಂತೆ. ಟೋಪಿ ಮತ್ತೆ ಹಾಕಿಕೊಂಡು ಹೇಳಿದ: "ಬಾಯಲ್ಲಿ ಹೇಳಕ್ಕೆ ಬರಲ್ಲ. ಮೂಗಿಗೆ ಸಿಕ್ಕಿದ್ರೆ ಮಾತ್ರ ಗುರುತು ಹಿಡೀತೀನಿ. ಆದ್ರೆ ಮೇಡಮ್, ನಾನು ಸೇದಲ್ಲ. ಇಷ್ಟು ವರ್ಷ ಸೇದಿಲ್ಲ."

"ಸೇದಿ ಅಂತ ನಿಮಗೆ ಯಾರು ಕೊಟ್ರೀಗ?"

ಆಗಸ್ಟಿನಿಂದ ಬರುತ್ತಾನೆ. ಯಾರಿಗೂ ಹೇಳುವುದಿಲ್ಲವಂತೆ. ಪೊಲೀಸಿನವನ ಮಾತು ನಂಬಿ ಬದುಕುವ ಕಾಲ ಬಂತು ನನಗೆ.

ಆಗಸ್ಟ್ ೧೧, ಭಾನುವಾರ

ಹೂ ಕಟ್ಟುತ್ತಿವೆ. ಟೊನಿನಿಗೆ ಪಾಠ ಶುರು.

ಮೇಜಿನ ಮೇಲೆ ಬಟ್ಟಲುಗಳನ್ನಿಟ್ಟೆ. ನಿಂಬೆಸಿಪ್ಪೆ, ಅದು ಲಿಮೊನೀನ್. ಕಾಳುಮೆಣಸು, ಕ್ಯಾರಿಯೋಫಿಲೀನ್. ಪೈನ್ ಸೂಜಿ, ಪೈನೀನ್. ಕಳಿತ ಮಾವಿನಹಣ್ಣು, ಮಿರ್ಸೀನ್. ಗಾಂಜಾ ಹೂವಿನ ವಾಸನೆಯೆಲ್ಲ ಇಂಥ ಟರ್ಪೀನು ಎಂಬ ವಾಸನೆ ಎಣ್ಣೆಗಳ ಕಾರುಬಾರು, ಯಾರು ಎಷ್ಟು ಜೋರಾಗಿ ಮಾತಾಡುತ್ತಾರೆ ಎನ್ನುವುದರ ಮೇಲೆ ಮನೆಯ ಗುಣ ಎಂದು ಹೇಳಿಕೊಟ್ಟೆ. ಕಣ್ಣು ಮುಚ್ಚಿ ಒಂದೊಂದನ್ನೂ ಮೂಸಿ ಸರಿಯಾಗಿ ಹೇಳಿದ. ಮಾವಿನಹಣ್ಣನ್ನು ಮೂಸಿದ ಮೇಲೆ ತಿಂದೂಬಿಟ್ಟ.

ಆಮೇಲೆ ಗಿಡಗಳ ಹತ್ತಿರ ಹೋದೆವು. ಕಾಂಡವನ್ನು ಬೆರಳಲ್ಲಿ ಉಜ್ಜಿ ಬೆರಳು ಮೂಸುವುದು ನಮ್ಮ ಪದ್ಧತಿ. ಉಜ್ಜಿದ, ಮೂಸಿದ, ಜೇಬಿನಿಂದ ಹಳೇ ಡ್ಯೂಟಿ ಪುಸ್ತಕ ತೆಗೆದು ಬರೆದ. ಇಣುಕಿ ನೋಡಿದೆ: "೧೦ ಗಂಟೆ ೧೪ ನಿಮಿಷ. ನಂಬರ್ ಮೂರು. ಬೇಲಿ ಪಕ್ಕ ಒಂಟಿಯಾಗಿ ನಿಂತಿತ್ತು. ಕಿತ್ತಳೆ ವಾಸನೆ. ಪ್ರತಿರೋಧ ತೋರಲಿಲ್ಲ."

ನಗು ಬಂತು. ಅವನಿಗೆ ಕಾಣದ ಹಾಗೆ ನಕ್ಕೆ.

ಆಗಸ್ಟ್ ೩೦, ಶುಕ್ರವಾರ

ಒಂದೊಂದು ಗಿಡದ ಎಲೆ ಕಳಿಸಿದ್ದೆನಲ್ಲ, ಪ್ರಯೋಗಾಲಯದ ಕಾಗದ ಬಂತು. ಒಂಬತ್ತು ಹಾಳೆ, ತುಂಬ ಅಂಕಿ. ಕಾಗದದ ಪ್ರಕಾರ ನಾಲ್ಕೂ ಆರೂ ಏಳೂ ಒಂದೇ ಅಚ್ಚಿನವು. ಏಳರಲ್ಲಿ ಲಿಮೊನೀನ್ ಒಂದು ಕೂದಲು ಹೆಚ್ಚು. ಆದರೆ ಹಿಲ್ಡಾಳಲ್ಲಿ ಇನ್ನೂ ಏನೋ ಇತ್ತು, ಮೂಗಿನ ಹಿಂಬದಿಗೆ ಹೊಡೆಯುವಂಥದ್ದು, ಯಾವ ಯಂತ್ರವೂ ಅದನ್ನು ಬರೆದುಕೊಡುವುದಿಲ್ಲ. ಹೆಂಗಸಿನ ಎತ್ತರ ತೂಕ ಬರೆದುಕೊಟ್ಟರೆ ಅವಳು ಯಾರು ಅಂತ ಗೊತ್ತಾಗುತ್ತದೆಯೇ?

ಟೊನಿನಿ ದಿನಾ ಬೆಳಿಗ್ಗೆ ಏಳಕ್ಕೆ ಬರುತ್ತಾನೆ. ಅವನಿಗೆ ಗೇಟಿನ ಬೀಗದ ನಂಬರು ಕೊಟ್ಟುಬಿಟ್ಟೆ. ಪ್ರತಿಸಲ ಮಂಡಿ ಎಳೆದುಕೊಂಡು ಅಷ್ಟು ದೂರ ಹೋಗುವವರು ಯಾರು? ಅಷ್ಟೇ ಕಾರಣ. (ಡಾಟಿಗೆ ನಂಬರು ಕೊಡಲು ನನಗೆ ಹದಿನೇಳು ವರ್ಷ ಬೇಕಾಯಿತು ಎನ್ನುವುದು ಬೇರೆ ವಿಷಯ.)

ಅವನು ಕಾಫಿಗೆ ಸಕ್ಕರೆ ಮೂರು ಚಮಚ ಹಾಕಿಕೊಳ್ಳುತ್ತಾನೆ. ಈ ವಯಸ್ಸಿನಲ್ಲಿ! ಹೇಳಿದರೆ ಕೇಳುವುದಿಲ್ಲ.

ಸೆಪ್ಟೆಂಬರ್ ೧೪, ಶನಿವಾರ

ಇವತ್ತು ಉದ್ದ ಬರೆಯುತ್ತೇನೆ. ಕಾರಣ ನಂಬರ್ ಐದು.

ಈ ವಾರವೆಲ್ಲ ಒಂದೊಂದು ಗಿಡದಿಂದ ಒಂದು ಎಳೇ ಹೂ ಕಿತ್ತು ಒಣಗಿಸಿ ಸೇದಿ ಗುಣ ನೋಡುತ್ತಿದ್ದೇನೆ. ವಾಸನೆ ಗೊತ್ತಾಗದಿದ್ದರೂ ತಲೆಗೆ ಏನಾಗುತ್ತದೆ ಎನ್ನುವುದು ಗೊತ್ತಾಗುತ್ತದಲ್ಲ. ನಂಬರ್ ಎರಡು: ಕುರ್ಚಿಯಲ್ಲೇ ನಿದ್ದೆ, ಬಾಯಿ ತೆರೆದು, ಸಾಕ್ಷಿ ಎಲ್ವಿನ್. ನಂಬರ್ ಎಂಟು: ಏನೂ ಇಲ್ಲ, ಸ್ವಲ್ಪ ಬೇಜಾರು. ನಂಬರ್ ಆರು: ಗಿಡವೇ ಮೂಲೆಯಲ್ಲಿ ಸೊರಗಿ ನಿಂತಿದೆ, ಒಂದು ಹೂ ಕೀಳಲೂ ಮನಸ್ಸು ಬರಲಿಲ್ಲ, ಬಿಟ್ಟೆ. ನಂಬರ್ ಐದು: ಚಮಚಗಳನ್ನೆಲ್ಲ ಹೊರಗೆ ತೆಗೆದು ಉದ್ದದ ಪ್ರಕಾರ ಜೋಡಿಸಿದೆ. ಆಮೇಲೆ ಎರಡು ಚಮಚ ಒಂದೇ ಉದ್ದ ಇದ್ದದ್ದು ಅನ್ಯಾಯ ಅನ್ನಿಸಿ ಎಲ್ವಿನ್‌ನನ್ನು ಪಂಚಾಯಿತಿಗೆ ಕರೆದೆ. ಅವನು ಅಗ್ನಿಶಾಮಕದ ಬಕೆಟು ಪಕ್ಕದಲ್ಲಿಟ್ಟುಕೊಂಡು ನನ್ನನ್ನು ಕಾಯುತ್ತಿದ್ದ.

"ಎರಡನ್ನೂ ಅಕ್ಕಪಕ್ಕ ಇಡಿ ಮೇಡಮ್, ಜೊತೆ ಆಗತ್ತೆ," ಎಂದ. ಎಷ್ಟು ಬುದ್ಧಿವಂತ ಮನುಷ್ಯ ಎಂದು ಆ ಕ್ಷಣಕ್ಕೆ ನನಗೆ ಅನ್ನಿಸಿತು. ನಂಬರ್ ಐದರ ಪ್ರಭಾವ.

ಅಷ್ಟರಲ್ಲಿ ಡಾಟಿಯ ಫೋನು.

"ಲೇ ಮಾರ್ಲಿಸ್, ಪೊಲೀಸಪ್ಪನ ಗಾಡಿ ದಿನಾ ನಿನ್ನ ಗೇಟ್ ಒಳಗೇ ಇರತ್ತಂತೆ. ಏನು, ಬಂಧನವೋ ಸಂಬಂಧವೋ?"

"ನೀರಿನ ಟ್ಯಾಂಕು ನೋಡಕ್ಕೆ ಬರ್ತಾನೆ."

"ಒಂದು ತಿಂಗಳಿಂದ? ಟ್ಯಾಂಕ್ ಏನು ಸಮುದ್ರಾನಾ?"

ನಾನು ಫೋನಿಟ್ಟೆ. ಡಾಟಿಗೆ ಎಪ್ಪತ್ತಾದರೂ ಬಾಯಿಗೆ ಹದಿನಾರೇ.

ಎಲ್ವಿನ್‌ನ ಪುಸ್ತಕದಲ್ಲಿ ನಂಬರ್ ಏಳಕ್ಕೆ ಐದು ಸಲ "ಜೋರು ಕಿತ್ತಳೆ" ಎಂದಿದೆ. ಹಿಲ್ಡಾಳಲ್ಲೂ ನಿಂಬೆಯ ಹುಳಿ ಇತ್ತು. ಕಾಗದವೂ ಏಳನ್ನೇ ಹೇಳುತ್ತದೆ. "ಇದೇ ಇರಬಹುದು," ಎನ್ನುತ್ತಾನೆ ಎಲ್ವಿನ್. ಇರಬಹುದು ಎನ್ನುವಾಗ ಹಣೆ ಗಂಟಿಕ್ಕುತ್ತಾನೆ, ಅದು ನನಗೆ ಹಿಡಿಸುವುದಿಲ್ಲ. ಏಳು ಎಂದೇ ಇಟ್ಟುಕೊಳ್ಳೋಣ.

ಸೆಪ್ಟೆಂಬರ್ ೨೯, ಭಾನುವಾರ

ಎಲ್ಲ ಮಣ್ಣುಪಾಲು.

ಡಾಟಿ ಹೇಳದೆ ಕೇಳದೆ ಬಂದಳು, ಟ್ಯಾಂಕು ನೋಡಬೇಕಂತೆ. ಎಲ್ವಿನ್‌ನ ಕೈ ಕುಲುಕಿ, ತನ್ನ ಕೈ ಮೂಸಿ, ಹೋ ಎಂದು ನಕ್ಕಳು.

"ಏನಪ್ಪಾ, ಹೆಂಗಸರ ಮನೆಗೆ ಬರೋವಾಗ ಕಿತ್ತಳೆ ಸೆಂಟು ಹಚ್ಕೊಂಡು ಬರ್ತೀಯಾ?"

"ಸೋಪು," ಎಂದ ಎಲ್ವಿನ್. "ಬೆಳಿಗ್ಗೆ ಗಾಡಿ ರಿಪೇರಿ ಮಾಡ್ತೀನಲ್ಲ, ಗ್ರೀಸ್ ಹೋಗಕ್ಕೆ."

ಮೆಕ್ಯಾನಿಕರ ಕಿತ್ತಳೆ ಸೋಪು! ಕಿತ್ತಳೆ ಸಿಪ್ಪೆಯ ಎಣ್ಣೆ, ಅಪ್ಪಟ ಲಿಮೊನೀನ್. ಈ ಮಹಾನುಭಾವ ಏಳು ವಾರ ಗಿಡಗಳನ್ನು ಮೂಸಿಯೇ ಇಲ್ಲ, ತನ್ನ ಬೆರಳನ್ನು ಮೂಸಿದ್ದಾನೆ. ಮೂರೂ ಕಿತ್ತಳೆ, ಏಳೂ ಕಿತ್ತಳೆ, ಗೇಟು ಮೂಸಿದ್ದರೆ ಗೇಟೂ ಕಿತ್ತಳೆ. ಪಾಠದ ದಿನ ಬಟ್ಟಲನ್ನು ಕೈಯಲ್ಲಿ ಮುಟ್ಟದೆ ಮೂಸಿದ, ಅದಕ್ಕೇ ಎಲ್ಲ ಸರಿ ಹೇಳಿದ್ದ. ಬೇರೆ ಯಾವ ಬೆಳೆಗಾರಳಾಗಿದ್ದರೂ ಅವನು ಅಂಗಳಕ್ಕೆ ಕಾಲಿಟ್ಟ ದಿನವೇ "ಹೋಗು, ಕೈ ತೊಳೆ" ಎನ್ನುತ್ತಿದ್ದಳು.

"ಅಲ್ಲ ಮಾರ್ಲಿಸ್, ನಿನಗೆ ಹೇಗೆ ಗೊತ್ತಾಗ್ಲಿಲ್ಲ?" ಎಂದಳು ಡಾಟಿ. ಎಂದವಳು ನನ್ನ ಮುಖ ನೋಡಿ ಬಾಯಿ ಮುಚ್ಚಿದಳು. ಅವಳಿಗೂ ಗೊತ್ತಾಗಿ ಹೋಯಿತು.

ನಾನು ಎಲ್ವಿನ್ ಕಡೆ ತಿರುಗಿದೆ. ಆಡಬಾರದ್ದನ್ನು ಆಡಿದೆ, ಇಲ್ಲಿ ಬರೆದಿಡುತ್ತೇನೆ: "ಕಡಿಯೋದು ಬಿಟ್ಟರೆ ನಿಮಗೆ ಬೇರೆ ಏನು ಬರತ್ತೆ? ಆವತ್ತು ಅಜ್ಜೀನ ಕೊಂದ್ರಿ, ಇವತ್ತು ಮೊಮ್ಮಗಳನ್ನ."

ಅವನು ಡ್ಯೂಟಿ ಪುಸ್ತಕ ಮೇಜಿನ ಮೇಲಿಟ್ಟು ಹೋದ. ಗೇಟಿನ ಸರಪಳಿಯನ್ನು ಸದ್ದಾಗದಂತೆ ಹಾಕಿದ.

ಡಾಟಿ ಸುಮಾರು ಹೊತ್ತು ನನ್ನ ಪಕ್ಕ ಕೂತಿದ್ದಳು. "ಇದೊಂದು ವಿಷಯ ಹೊಟ್ಟೇಲಿಟ್ಕೋತೀನಿ ಕಣೇ," ಎಂದಳು. "ಹೊಟ್ಟೆ ನೋವು ಬಂದ್ರೆ ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಗ್ಬೇಕು."

ಆರು ದಿನ ಇದೆ.

ಸೆಪ್ಟೆಂಬರ್ ೩೦

ಬರಲಿಲ್ಲ.

ಅಕ್ಟೋಬರ್ ೧

ಬರಲಿಲ್ಲ. ಅಭ್ಯಾಸಬಲದಿಂದ ಎರಡು ಕಪ್ ಕಾಫಿ ಮಾಡಿದೆ. ಒಂದಕ್ಕೆ ಮೂರು ಚಮಚ ಸಕ್ಕರೆ ಹಾಕಿಬಿಟ್ಟಿದ್ದೆ. ಅದನ್ನೂ ನಾನೇ ಕುಡಿದೆ.

ಅಕ್ಟೋಬರ್ ೨, ಬುಧವಾರ

ಅವನ ಗೇಟಿಗೆ ಹೋಗಿ ಹಾರ್ನ್ ಮಾಡಿದೆ. ಐವತ್ತು ವರ್ಷದಲ್ಲಿ ಯಾರ ಗೇಟಿನಲ್ಲೂ ನಾನು ಐದು ನಿಮಿಷಕ್ಕಿಂತ ಹೆಚ್ಚು ಕಾದವಳಲ್ಲ. ಮೂವತ್ತೈದು ನಿಮಿಷ ಕಾಯಿಸಿದ. ಒಳಗೆ ಲೋಟ ತೊಳೆಯುತ್ತಿದ್ದನೋ ಏನೋ. ನನಗೆ ಬೇಕಾಗಿತ್ತು ಅದು.

ಬಂದು ಗೇಟಿನ ಆಚೆ ನಿಂತ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದರೆ ಬಂದದ್ದು ಇಷ್ಟು:

"ಸೋಪು ತಂದಿದ್ದೀನಿ."

"ಸೋಪಾ?"

"ವಾಸನೆ ಇಲ್ಲದ್ದು. ಹಾಗಂತ ಡಬ್ಬಿ ಮೇಲೆ ಬರೆದಿದೆ. ನಿಜಾನೋ ಸುಳ್ಳೋ ನೀವೇ ನೋಡ್ಬೇಕು, ನನಗೇನು ಗೊತ್ತಾಗತ್ತೆ?"

ಅವನು ಡಬ್ಬಿ ತೆಗೆದುಕೊಂಡು ಮೂಸಿದ. ಇನ್ನೊಂದು ಸಲ ಮೂಸಿದ. ಅವನ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾನೆಂದು ಹೆದರಿದೆ, ನಗುತ್ತಿದ್ದ.

"ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದೀನಿ," ಎಂದ. "ನನ್ನ ಕೈಯ ವಾಸನೇನೇ ಬೆನ್ನು ಹತ್ಕೊಂಡು ಹೋಗಿದ್ದು ಇದೇ ಮೊದಲು."

"ಆವತ್ತು ನಾನು ಹಾಗೆ ಅನ್ನಬಾರದಿತ್ತು."

"ಅಂದಿದ್ದು ಸುಳ್ಳಲ್ವಲ್ಲ. ನಡಿ, ನಿನ್ನ ಗಾಡಿ ರಸ್ತೆಗೆ ಅಡ್ಡ ನಿಂತಿದೆ."

ಅಕ್ಟೋಬರ್ ೩, ಗುರುವಾರ

ಸಿಕ್ಕಳು.

ಎಲ್ವಿನ್ ನಿನ್ನೆ ಮಧ್ಯಾಹ್ನದಿಂದ ಗಾಡಿ ಮುಟ್ಟಿಲ್ಲ. ಇವತ್ತು ಕೈಯನ್ನು ಬೂದಿಯಿಂದ ಒಂದು ಸಲ, ಆ ಸೋಪಿನಿಂದ ಮೂರು ಸಲ ತೊಳೆದ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಮತ್ತೆ ತೊಳೆದ. ನಾನು ಬಕೆಟು ಹಿಡಿದುಕೊಂಡು ಹಿಂದೆ ಹಿಂದೆ. ಒಂದು: ಮೆಣಸು. ಎರಡು: ಹುಲ್ಲು. ಮೂರು: ಮಿಠಾಯಿ ಅಂಗಡಿ. ನಾಲ್ಕು: ಮೆಣಸು, ಮಾವು. ಐದು: ಪೈನ್ ಸೂಜಿ. ಏಳಕ್ಕೆ ಬಂದೆವು. "ನಿಂಬೆ ಇದೆ," ಎಂದ, "ಆದ್ರೆ ಅವಳಲ್ಲ." ಎಂಟು ಅಲ್ಲ. ಒಂಬತ್ತು ಅಲ್ಲ.

"ಆರು?" ಎಂದೆ. ಸೊರಗಿದ್ದಾಳೆಂದು ಆರನ್ನು ಹಾದುಬಿಟ್ಟಿದ್ದೆವು.

ಅವನು ಮೂಲೆಗೆ ಹೋಗಿ ಬಗ್ಗಿ ಒಂದು ಹೂ ಹಿಸುಕಿ ಮೂಗಿಗೆ ಹಿಡಿದ. ಹಾಗೇ ನಿಂತ. ನಾನು ಕರೆದೆ, ಕೇಳಿಸಲಿಲ್ಲ. ಆಮೇಲೆ ನನ್ನ ಕೈಯಿಂದ ಬಕೆಟು ತೆಗೆದುಕೊಂಡು ನೀರು ಚೆಲ್ಲಿ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟ.

"ಸುಟ್ಟ ರಬ್ಬರು," ಎಂದ. "ಅದರ ಹಿಂದೆ ನಿಂಬೆ. ಅದರ ಹಿಂದೆ ಒದ್ದೆ ನಾಯಿ. ಅವತ್ತು ಮನೆಗೆ ಹೋದಾಗ ನನ್ನ ಹೆಂಡ್ತಿ ರೋಸಲೀ ಒಳಗೇ ಬಿಡ್ಲಿಲ್ಲ. ಯೂನಿಫಾರಂ ಬೇಲಿ ಮೇಲೆ ಬಿಚ್ಚಿ ಹಾಕಿ ಒಳಗೆ ಹೋದೆ. ಒಂದು ತಿಂಗಳು ಅಲ್ಲೇ ಇತ್ತು ಅದು. ಹೋಗ್ತಾ ಬರ್ತಾ ಮೂಸಿ ನೋಡ್ತಿದ್ದೆ, ಯಾಕೆ ಅಂತ ನನಗೇ ಗೊತ್ತಿಲ್ಲ."

ಅವನು ಹೂವನ್ನು ಮತ್ತೊಂದು ಸಲ ಮೂಸಿದ.

"ನೀನು ಅವತ್ತು ಅಳಲಿಲ್ಲ. ನಾವು ಕಡೀತಾ ಇದ್ವಿ, ನೀನು ಮೆಟ್ಟಲ ಮೇಲೆ ನಿಂತು 'ಬಿಸಿಲು ಜಾಸ್ತಿ ಇದೆ, ನೀರು ಬೇಕಾ' ಅಂತ ಕೇಳ್ದೆ. ಎಲ್ಲರೂ ಕುಡಿದ್ರು. ನನಗೆ ಗಂಟಲಲ್ಲಿ ಇಳೀಲಿಲ್ಲ."

ನೀರು ಕೊಟ್ಟೆನೇ? ನನಗೆ ಒಂಚೂರೂ ನೆನಪಿಲ್ಲ. ಕಲ್ಲು ಎಸೆದೆ ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಆರರ ಮುಂದೆ ಇಬ್ಬರೂ ತುಂಬ ಹೊತ್ತು ಕೂತಿದ್ದೆವು. ನಾನೂ ಒಂದು ಹೂ ಹಿಸುಕಿ ಮೂಗಿಗೆ ಹಿಡಿದೆ. ಏನೂ ಇಲ್ಲ. ಅಲ್ಲಿ ಮಾತ್ರ ನನಗೆ ಅಳು ಬಂತು. ಅವನು ಮತ್ತೆ ಮೂಸಿ ಮೂಸಿ ಹೇಳುತ್ತ ಹೋದ, ಈಗ ರಬ್ಬರು, ಈಗ ನಿಂಬೆ, ಈಗ ನಾಯಿ ಎಂದು, ನಾನು ಸಾಕು ಎನ್ನುವವರೆಗೆ.

ಅಕ್ಟೋಬರ್ ೫, ಶನಿವಾರ

ಇನೆಸ್ ಹತ್ತು ಗಂಟೆಗೆ ಬಂದಳು. ಮೂವತ್ತೈದರ ಹುಡುಗಿ, ಚುರುಕು, ಗಿಡಗಳನ್ನು ತಾನೇ ಒಂದೊಂದಾಗಿ ಮೂಸತೊಡಗಿದಳು. ಮೂರರ ಹತ್ತಿರ ಕಣ್ಣರಳಿಸಿದಳು.

"ಅಬ್ಬಾ, ಮಿಠಾಯಿ! ಈಗ ಎಲ್ಲರಿಗೂ ಬೇಕಾಗಿರೋದು ಇದೇ. ಇದನ್ನೇ ಕೊಡಿ."

"ಆರು," ಎಂದೆ.

ಅವಳು ಹೋಗಿ ಮೂಸಿ ಮುಖ ಕಿವುಚಿಕೊಂಡಳು. "ಇದು ನಾರ್ತಿದೆ ಮಾರ್ಲಿಸ್. ಟೈರಿಗೆ ಬೆಂಕಿ ಬಿದ್ದ ಹಾಗೆ. ಗಿಡಾನೂ ಬಡಕಲು. ಒಂದೇ ಜಾಗ ಇರೋದು ನನ್ನ ಹತ್ರ, ಇದಕ್ಕೆ ಹೇಗೆ ಕೊಡ್ಲಿ?" ನಾನು ಮತ್ತೆ ಆರನ್ನೇ ತೋರಿಸಿದೆ. ಅವಳು ನಿಟ್ಟುಸಿರು ಬಿಟ್ಟಳು. "ಸರಿ. ನಿಮ್ಮ ಮೂಗು ಆರು ಅಂತ ಹೇಳತ್ತಾ? ಹೇಳಿ. ನೀವು ಹೇಳಿದ್ರೆ ನಾನು ಮರುಮಾತಿಲ್ಲದೆ ತಗೊಂಡು ಹೋಗ್ತೀನಿ."

ಹೌದು ಎಂದಿದ್ದರೆ ಮುಗಿದಿತ್ತು. ಒಂದು ಪದ. ಆಶ್ಚರ್ಯವೆಂದರೆ ಡಾಟಿ ಕೂಡ ಇನ್ನೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಎಲ್ವಿನ್ ನನ್ನ ಪಕ್ಕದಲ್ಲಿ ಟೋಪಿ ತಿರುಗಿಸುತ್ತ ನೆಲ ನೋಡುತ್ತಿದ್ದ. ಅವನೂ ನಾನು ಹೌದು ಎನ್ನಲಿ ಎಂದೇ ಕಾಯುತ್ತಿದ್ದ, ನನಗೆ ಗೊತ್ತು.

"ನನ್ನ ಮೂಗು ಹೋಗಿ ಎಂಟು ತಿಂಗಳಾಯಿತು," ಎಂದೆ. "ಮೂಸಿದ್ದು ಇವನು."

ಇನೆಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು ಬೆಳೆಗಾರರಾ?"

"ಅಲ್ಲ."

"ಸೇದ್ತೀರಾ?"

"ಇಲ್ಲ."

"ಮತ್ತೆ ಹಿಲ್ಡಾ ವಾಸನೆ ನಿಮಗೆ ಹೇಗೆ ಗೊತ್ತು?"

"ಎಂಬತ್ತಾರಲ್ಲಿ ನಾನೇ ಕಡಿದೆ," ಎಂದ ಎಲ್ವಿನ್. "ನಲವತ್ತೆರಡು."

ಆಗಿಹೋಯಿತು, ಇನ್ನು ಮೂರನ್ನು ಕಾರಿಗೆ ಹಾಕಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಇನೆಸ್ ಬೆರಳಲ್ಲಿ ಉಳಿದಿದ್ದ ಆರರ ಅಂಟನ್ನು ಮತ್ತೊಂದು ಸಲ ಮೂಸಿದಳು. ಮತ್ತೂ ಒಂದು ಸಲ.

"ಒಂದು ದಿನ ಹೊತ್ತಿದ್ದು. ಮೂವತ್ತೆಂಟು ವರ್ಷ ಮೂಗಿನಿಂದ ಹೋಗ್ಲಿಲ್ವಾ?"

"ಹೋಗ್ಲಿಲ್ಲ."

"ಮಿಠಾಯಿ ವಾಸನೆ ನಾಳೆಗೇ ಮರ್ತು ಹೋಗತ್ತೆ," ಎಂದಳು ಇನೆಸ್, ತನಗೇ ಹೇಳಿಕೊಳ್ಳುವಂತೆ. "ಕೊಡಿ ಆರನ್ನೇ."

ಎಲ್ವಿನ್ ಆರನೇ ಕಡ್ಡಿಯ ಕುಂಡ ತಂದು ಕಾರಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಕಟ್ಟಿದ. ಇನೆಸ್ ಒಂದು ಕಾಗದ ಕೊಟ್ಟಳು. ತಳಿಯ ಹೆಸರು, ಹಿಲ್ಡಾ. ತಾಯಿಯ ಕಡೆ, ಅಫ್ಘಾನ್. ತಂದೆಯ ಕಡೆ, ವಹಾಕಾ. ಬೆಳೆದವರು, ಮಾರ್ಲಿಸ್ ಹೌಗನ್. ಅದರ ಕೆಳಗೆ, ಆರಿಸಿದವರು. ನಮ್ಮಲ್ಲಿ ಆ ಜಾಗವೇ ದೊಡ್ಡದು. ತಳಿ ಬದುಕಿರುವಷ್ಟು ದಿನ ಆ ಹೆಸರು ಅದರ ಜೊತೆ ಹೋಗುತ್ತದೆ. ಈವರೆಗೆ ಅಲ್ಲಿ ನನ್ನದಲ್ಲದೆ ಇನ್ನೊಂದು ಹೆಸರು ಬರೆದವಳಲ್ಲ ನಾನು, ಗಸ್‌ನದನ್ನೂ ಬರೆದಿಲ್ಲ.

ಎಲ್ವಿನ್ ಟೊನಿನಿ ಎಂದು ಬರೆದೆ.

ಅವನು ಭುಜದ ಮೇಲಿಂದ ಇಣುಕಿ ಓದಿದ. "ಬೇಡ ಮಾರ್ಲಿಸ್. ಗುಡ್ಡದ ಜನ ಬಿದ್ದು ಬಿದ್ದು ನಗ್ತಾರೆ."

"ನಗ್ಲಿ. ಅವರಿಗೂ ಬೇರೆ ಕೆಲಸ ಏನಿದೆ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಕಣ್ಣಿಗೆ ಹೂವಿನ ಪರಾಗ ಬಿತ್ತಂತೆ.

ಒಂಬತ್ತೂ ಹೆಣ್ಣು ಗಿಡ, ಪರಾಗ ಎಲ್ಲಿಂದ ಬರಬೇಕು? ಕರವಸ್ತ್ರ ಕೊಟ್ಟೆ.